ಎರಡು ಪಟ್ಟು ಸರಿ, ಎಷ್ಟರ ಎರಡು ಪಟ್ಟು?

"ಮಾತ್ರೆ ನಿಲ್ಲಿಸಿಬಿಟ್ಟೆ ಡಾಕ್ಟ್ರೇ."

ಈ ಮಾತು ಕೇಳಿದಾಗಲೆಲ್ಲ ನನ್ನ ಬಿಪಿಯೇ ಏರುತ್ತದೆ. ಹೇಳುವವರ ಮುಖದಲ್ಲಿ ಮಾತ್ರ ದೊಡ್ಡ ಗಂಡಾಂತರದಿಂದ ಕೂದಲೆಳೆಯಲ್ಲಿ ಪಾರಾದವರ ನೆಮ್ಮದಿ ಇರುತ್ತದೆ. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ ಫೋನ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಯಾರೋ ಒಬ್ಬ ತಜ್ಞರು, "ಈ ಮಾತ್ರೆ ನುಂಗುವವರಿಗೆ ಇಂಥ ಕಾಯಿಲೆ ಬರುವ ಅಪಾಯ ಎರಡು ಪಟ್ಟು" ಎನ್ನುತ್ತಿರುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ತಲೆನೋವು ಇರುವುದೇ ಅಲ್ಲಿ.

ಆ ಮಾತ್ರೆಯ ಹೆಸರು, ಆ ಕಾಯಿಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಇನ್ನೂ ನಾಲ್ಕು ಜನ ನಿಲ್ಲಿಸುತ್ತಾರೆ.

ಹೋದ ವಾರ ಹೀಗೆ ಬಂದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿದವರು. ಅವರ ಕತೆಗೆ ಆಮೇಲೆ ಬರುತ್ತೇನೆ.

ತಜ್ಞರು ಜನರ ಹತ್ತಿರ ಮಾತಾಡಬಾರದು ಎನ್ನುವ ಗುಂಪಿನವನಲ್ಲ ನಾನು. ವಕೀಲರು ಉಯಿಲಿನ ಬಗ್ಗೆ, ಎಂಜಿನಿಯರುಗಳು ಗೋಡೆ ಬಿರುಕಿನ ಬಗ್ಗೆ, ನಾವು ಸಕ್ಕರೆ ಕಾಯಿಲೆಯ ಬಗ್ಗೆ ಹೇಳುತ್ತಲೇ ಇರಬೇಕು. ಹೊಸ ಚಟವೇನೂ ಅಲ್ಲ ಇದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾಗಿದ್ದು 1825ರಲ್ಲಿ. ಮೈಕೆಲ್ ಫ್ಯಾರಡೆ ಅಲ್ಲಿ ಮಕ್ಕಳ ಮುಂದೆ ಒಂದು ಮೊಂಬತ್ತಿ ಹಚ್ಚಿಟ್ಟುಕೊಂಡು, ಅದು ಉರಿಯುವ ಬಗೆಯಿಂದಲೇ ರಸಾಯನಶಾಸ್ತ್ರ ಹೇಳಿಕೊಟ್ಟರು. ಅವರಿಗಿದ್ದ ಅನುಕೂಲ ನಮಗಿಲ್ಲ. ಮೊಂಬತ್ತಿಯನ್ನು ಕಣ್ಣಿಗೆ ತೋರಿಸಬಹುದು. ಅಪಾಯ ಅನ್ನುವುದನ್ನು ಯಾವ ಮೇಜಿನ ಮೇಲೂ ಹಚ್ಚಿಡಲು ಆಗುವುದಿಲ್ಲ. ಅದು ಬರೀ ಲೆಕ್ಕ. ಲೆಕ್ಕವನ್ನು ಅರ್ಧ ಹೇಳಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಸಂಗ ಇದೆ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಗರ್ಭನಿರೋಧಕ ಮಾತ್ರೆಗಳಲ್ಲಿ ಮೂರನೇ ತಲೆಮಾರಿನವು ಅಂತ ಕರೆಯುವ ಕೆಲವು ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದಿತು. ಅಂದರೆ ಶೇ. 100ರಷ್ಟು ಹೆಚ್ಚಳ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಯಾರಿಗೆ ತಾನೇ ಹೆದರಿಕೆ ಆಗುವುದಿಲ್ಲ? ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು. ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳುವಷ್ಟು ತಾಳ್ಮೆ ಎಲ್ಲರಿಗೂ ಇರಲಿಲ್ಲ.

ಈಗ ಮರೆತುಹೋದ ಅರ್ಧ ಲೆಕ್ಕ ನೋಡೋಣ. ಹಳೆಯ ಮಾತ್ರೆ ನುಂಗುತ್ತಿದ್ದ 7,000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತಿತ್ತು. ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಅಷ್ಟೇ. ಒಂದು ಎರಡಾಯಿತು. ಎರಡು ಪಟ್ಟು ಅನ್ನುವುದು ನೂರಕ್ಕೆ ನೂರು ನಿಜ.

ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಅಂದಾಜು 13,000ದಷ್ಟು ಹೆಚ್ಚಾದವು. ಇದರಲ್ಲಿ ಇನ್ನೊಂದು ವ್ಯಂಗ್ಯ ಇದೆ. ರಕ್ತ ಹೆಪ್ಪುಗಟ್ಟುವ ಅಪಾಯ ಆ ಯಾವ ಮಾತ್ರೆಗಿಂತಲೂ ಬಸಿರಿನಲ್ಲೇ ಜಾಸ್ತಿ, ಹೆರಿಗೆಯಾದ ಮೊದಲ ಕೆಲವು ವಾರ ಇನ್ನೂ ಜಾಸ್ತಿ. ಯಾವುದಕ್ಕೆ ಹೆದರಿ ಮಾತ್ರೆ ಬಿಟ್ಟರೋ ಅದರ ಬಾಯಿಗೇ ಹತ್ತಿರ ಹೋದ ಹಾಗಾಯಿತು.

ಇದನ್ನೇ ಇನ್ನೊಂದು ಸಲ ನಿಧಾನವಾಗಿ ಹೇಳುತ್ತೇನೆ. ಬೇಜಾರಾಗಬೇಡಿ. ಎದುರಿಗೆ ಕೂತವರು ತಲೆ ಆಡಿಸಿ, ಹೊರಗೆ ಹೋಗಿ ಮತ್ತೆ ಅದೇ ತಪ್ಪು ಮಾಡುವುದನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ.

ಒಂದು ದೊಡ್ಡ ಮೈದಾನ ಅಂದುಕೊಳ್ಳಿ. 7,000 ಕುರ್ಚಿ, ಎಲ್ಲದರಲ್ಲೂ ಜನ. ಅಷ್ಟರಲ್ಲಿ ಒಂದು ಕುರ್ಚಿಗೆ ಕೆಂಪು ಬಟ್ಟೆ ಕಟ್ಟಿದೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಮೈದಾನ, ಅಲ್ಲಿ ಕೆಂಪು ಬಟ್ಟೆಯ ಕುರ್ಚಿ ಎರಡು. ಗೇಟಿನ ಹತ್ತಿರ ನಿಂತು ನೋಡಿದರೆ ಎರಡು ಮೈದಾನಕ್ಕೂ ಏನು ವ್ಯತ್ಯಾಸ ಕಾಣುತ್ತದೆ ಹೇಳಿ? ಈಗ ಕುರ್ಚಿಗಳನ್ನು ಹತ್ತಕ್ಕೆ ಇಳಿಸಿ. ಒಂದು ಕಡೆ ಹತ್ತರಲ್ಲಿ ಒಂದು ಕೆಂಪು, ಇನ್ನೊಂದು ಕಡೆ ಹತ್ತರಲ್ಲಿ ಎರಡು. ಇದೂ ಎರಡು ಪಟ್ಟೇ. ಆದರೆ ಇಲ್ಲಿ ಕೂರುವ ಮೊದಲು ನಾನೂ ಯೋಚನೆ ಮಾಡುತ್ತೇನೆ.

'ಪಟ್ಟು' ಅನ್ನುವುದು ಒಂದು ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ರೀತಿ. ಕುರ್ಚಿ ಎಷ್ಟಿದ್ದವು ಅಂತ ಅದು ಹೇಳುವುದೇ ಇಲ್ಲ. ಶೇಕಡಾ ಹೆಚ್ಚಳವೂ ಹಾಗೆಯೇ. ಒಂದು ಲಾಟರಿ ಚೀಟಿ ಇದ್ದವರು ಎರಡು ಕೊಂಡರೆ ಗೆಲ್ಲುವ ಅವಕಾಶ ಎರಡು ಪಟ್ಟು. ಅಷ್ಟಕ್ಕೇ ಯಾರೂ ಕೆಲಸಕ್ಕೆ ರಾಜೀನಾಮೆ ಕೊಡುವುದಿಲ್ಲ. ಕಾಯಿಲೆಯ ವಿಷಯಕ್ಕೆ ಬಂದರೆ ಮಾತ್ರ ಅದೇ ಲೆಕ್ಕ ಮರೆತುಹೋಗುತ್ತದೆ.

ಹೆದರಿಸುವುದಕ್ಕೆ ಮಾತ್ರ ಅಲ್ಲ, ಪುಸಲಾಯಿಸುವುದಕ್ಕೂ ಇದೇ ಲೆಕ್ಕ ಬಳಸುತ್ತಾರೆ. ಕೊಲೆಸ್ಟರಾಲ್ ಇಳಿಸುವ ಒಂದು ಹೆಸರುವಾಸಿ ಮಾತ್ರೆಯ ಅಮೆರಿಕದ ಜಾಹೀರಾತಿನಲ್ಲಿ 'ಹೃದಯಾಘಾತದ ಅಪಾಯ ಶೇ. 36 ಇಳಿಕೆ' ಅಂತ ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲೊಂದು ನಕ್ಷತ್ರದ ಗುರುತು. ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿದ ಅರ್ಧ: ಔಷಧ ಇಲ್ಲದ ಬರೀ ಗುಳಿಗೆ ನುಂಗಿದವರಲ್ಲಿ ಶೇ. 3 ಜನರಿಗೆ ಹೃದಯಾಘಾತ ಆಗಿತ್ತು, ನಿಜವಾದ ಮಾತ್ರೆ ನುಂಗಿದವರಲ್ಲಿ ಶೇ. 2. ಬಿಪಿ ಇದ್ದ ಸುಮಾರು 10,300 ಜನರನ್ನು ಮೂರು ವರ್ಷದ ಮೇಲೆ ಗಮನಿಸಿ ಕಂಡುಕೊಂಡದ್ದು ಇದು. ದಶಮಾಂಶ ಸೇರಿಸಿ ಲೆಕ್ಕ ಹಾಕಿದರೆ ಶೇ. 36 ಸರಿಯೇ. ಆದರೆ ಮೂರು ವರ್ಷದಲ್ಲಿ ನೂರರಲ್ಲಿ ಒಬ್ಬರು ಉಳಿದರು ಅನ್ನುವುದೂ ಅಷ್ಟೇ ಸರಿ. ದಪ್ಪ ಅಕ್ಷರಕ್ಕೆ ಯಾವುದನ್ನು ಆರಿಸಿದರು ಅಂತ ಬೇರೆ ಹೇಳಬೇಕಾ?

ಇದನ್ನು ಓದಿ ಕೊಲೆಸ್ಟರಾಲ್ ಮಾತ್ರೆ ಬಿಸಾಡಿದರೆ ಮತ್ತೆ ನನ್ನ ಬಿಪಿ ಏರುತ್ತದೆ. ಒಮ್ಮೆ ಹೃದಯಾಘಾತ ಆದವರಿಗೆ ಮತ್ತೆ ಆಗುವ ಸಂಭವವೇ ಹೆಚ್ಚು. ಅವರ ಮೈದಾನದಲ್ಲಿ ಕೆಂಪು ಕುರ್ಚಿಗಳು ಮೊದಲೇ ಜಾಸ್ತಿ. ಹಾಗಾಗಿ ಅದೇ ಮಾತ್ರೆ ಅವರಲ್ಲಿ ಹೆಚ್ಚು ಜನರನ್ನು ಉಳಿಸುತ್ತದೆ. ಮಾತ್ರೆ ಒಂದೇ, ಪಟ್ಟೂ ಹೆಚ್ಚುಕಡಿಮೆ ಒಂದೇ, ನುಂಗುವವರು ಮಾತ್ರ ಬೇರೆ. ನಿಮ್ಮದು ಯಾವ ಮೈದಾನ ಅನ್ನುವುದು ನಿಮ್ಮ ಚೀಟಿ, ನಿಮ್ಮ ವಯಸ್ಸು, ನಿಮ್ಮ ರಕ್ತಪರೀಕ್ಷೆ ನೋಡಿದವರಿಗೆ ಗೊತ್ತು. ನನಗೆ ಇಲ್ಲಿ ಕೂತು ಗೊತ್ತಾಗುವುದಿಲ್ಲ.

ಇದರ ದಾಯಾದಿ ಇನ್ನೊಂದಿದೆ, ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಗುಂಪಿಗೇ ಸೇರಿಸಿತು. ಹಾಗಾದರೆ ಸಾಸೇಜ್ ತಿನ್ನುವುದೂ ಸಿಗರೇಟ್ ಸೇದುವುದೂ ಒಂದೇ ಅಂತ ಸುದ್ದಿ ಹಬ್ಬಿತು. ಒಂದೇ ಅಲ್ಲ. ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷಿ ಎಷ್ಟು ಗಟ್ಟಿ ಅನ್ನುವುದನ್ನು ಆ ಗುಂಪು ಹೇಳುತ್ತದೆ. ಎಷ್ಟು ಜನರಿಗೆ ತರುತ್ತದೆ ಅಂತ ಹೇಳುವುದಿಲ್ಲ. ದಿನಾ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ. 18 ಹೆಚ್ಚು ಅಂತ ಅವರೇ ಹೇಳಿದ್ದರು. ಬದುಕಿನಲ್ಲಿ ಯಾವಾಗಲಾದರೂ ಈ ಕ್ಯಾನ್ಸರ್ ಬರುವವರು ನೂರಕ್ಕೆ ಐದು ಅಂತ ಇಟ್ಟುಕೊಂಡರೆ, ಅದು ಆರರ ಹತ್ತಿರ ಹೋಗುತ್ತದೆ. ಐದಕ್ಕೆ ಹದಿನೆಂಟು ಕೂಡಿಸಿ ಇಪ್ಪತ್ತಮೂರು ಮಾಡಿಕೊಂಡು ಬಂದವರೂ ಇದ್ದಾರೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು.

ಹಾಗಂತ ಎಲ್ಲ ಎಚ್ಚರಿಕೆಯೂ ಸುಮ್ನೆ ಹೆದರಿಸುವ ಮಾತು ಅಂದುಕೊಳ್ಳಬೇಡಿ. ಸಿಗರೇಟ್ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಸೇದದವರಿಗಿಂತ 15ರಿಂದ 30 ಪಟ್ಟು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಈ ನಂಟನ್ನು ತೋರಿಸಿದ್ದು 1950ರಲ್ಲಿ. ಆಮೇಲೆ ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ ನೋಡಿದರು. ಬದುಕಿಡೀ ಸೇದಿದವರಲ್ಲಿ ಸುಮಾರು ಅರ್ಧದಷ್ಟು ಜನ ಆ ಚಟದಿಂದಲೇ ಸಾಯುತ್ತಾರೆ ಅಂತ ಗೊತ್ತಾಯಿತು. ಹತ್ತು ಕುರ್ಚಿಯಲ್ಲಿ ಐದು ಕೆಂಪು. ಇದಕ್ಕೆ ಹೆದರಿ. ವಿಚಿತ್ರ ಏನೆಂದರೆ, ಮಾತ್ರೆಯ ವಿಡಿಯೊ ತೋರಿಸುವವರ ಜೇಬಿನಲ್ಲೇ ಕೆಲವು ಸಲ ಸಿಗರೇಟ್ ಪ್ಯಾಕು ಇರುತ್ತದೆ.

ಬೈಯುವುದೆಲ್ಲ ಬೇರೆಯವರಿಗೆ ಅಂತಲ್ಲ. ಕೆಲವು ವರ್ಷದ ಹಿಂದೆ ಒಂದು ಸಭೆಯಲ್ಲಿ ಮಾತಾಡುವಾಗ ನಾನೂ 'ಎರಡು ಪಟ್ಟು' ಅಂದೆ. ಸಭೆಯಲ್ಲಿ "ಅಯ್ಯೋ" ಅನ್ನುವ ಸದ್ದು ಎದ್ದಿತು. ನಿಜ ಹೇಳುತ್ತೇನೆ, ಖುಷಿಯಾಯಿತು. ಮೂಲ ಸಂಖ್ಯೆ ನನ್ನ ಕಾಗದದಲ್ಲಿ ಬರೆದೇ ಇತ್ತು. ಅದನ್ನು ಓದಿದರೆ ಆ "ಅಯ್ಯೋ" ಇಳಿದುಹೋಗುತ್ತಿತ್ತು, ಓದಲಿಲ್ಲ. ಸುಳ್ಳು ಹೇಳಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಹದಿನೈದು ದಿನದಲ್ಲಿ ನನ್ನದೇ ರೋಗಿ ಒಬ್ಬರು, ನನ್ನದೇ ಮಾತು ಕೇಳಿ, ನಾನೇ ಬರೆದುಕೊಟ್ಟ ಮಾತ್ರೆ ನಿಲ್ಲಿಸಿ ಬಂದರು. ಅವತ್ತು ನಾನು ಯಾರ ಮೇಲೂ ರೇಗಲಿಲ್ಲ.

ಈಗ ಮೇಷ್ಟ್ರ ಕತೆ.

ಅವರು ನಿಲ್ಲಿಸಿದ್ದು ಬಿಪಿ ಮಾತ್ರೆ. ಮೂರು ವಾರ ಆಗಿತ್ತು. ನೋಡಿದರೆ ಬಿಪಿ 168ಕ್ಕೆ 96. ಫೋನ್ ತೋರಿಸಿದರು. ನಾನು ಮೈದಾನ, ಕುರ್ಚಿ ಎಲ್ಲ ಹೇಳಿದೆ. ಅವರಿಗೆ ಅದೇನೂ ಬೇಕಿರಲಿಲ್ಲ. ನಾನು ಮೂಲ ಸಂಖ್ಯೆ ಹೇಳುತ್ತಿದ್ದ ಹಾಗೆ ಉತ್ತರ ಬಾಯಲ್ಲೇ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿ ಇದೆ. ಆದ್ರೂ ಆ ಒಬ್ಬ ನಾನೇ ಆದ್ರೆ?" ಎಂದರು.

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇದೆ ಅನ್ನುವ ಡಾಕ್ಟರನ್ನು ನಂಬಬೇಡಿ. ಸಂಖ್ಯೆ ಹೇಳುವುದು ಮೈದಾನದ ಬಗ್ಗೆ, ಕುರ್ಚಿಯಲ್ಲಿ ಕೂತಿರುವ ಒಬ್ಬರ ಬಗ್ಗೆ ಅಲ್ಲ. ಆದರೆ ಮೇಷ್ಟ್ರು ಒಂದು ವಿಷಯ ಮರೆತಿದ್ದರು. ಮಾತ್ರೆ ಬಿಟ್ಟರೆ ಅವರು ಮೈದಾನದಿಂದ ಎದ್ದು ಮನೆಗೆ ಹೋದ ಹಾಗೆ ಆಗುವುದಿಲ್ಲ. ಇನ್ನೊಂದು ಮೈದಾನಕ್ಕೆ ಹೋಗಿ ಕೂತ ಹಾಗೆ. ಅಲ್ಲಿಯೂ ಕೆಂಪು ಕುರ್ಚಿ ಇದೆ. ಆ ಬಟ್ಟೆಯ ಮೇಲೆ ಲಕ್ವ ಅಂತ ಬರೆದಿದೆ. ವಿಡಿಯೊದವರು ಆ ಮೈದಾನ ತೋರಿಸಿರಲಿಲ್ಲ.

"ನೋಡಿ ಮೇಷ್ಟ್ರೇ," ಎಂದೆ, "ಬಿಪಿಯ ಮೇಲಿನ ಅಂಕೆ ಹತ್ತು ಇಳಿದರೆ ಸಾಕು, ಲಕ್ವ ಹೊಡೆಯುವ ಅಪಾಯ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತೆ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬೋರ್ಡಿನ ಮೇಲೆ ತಪ್ಪು ಬರೆದ ಹುಡುಗನನ್ನು ನೋಡುವ ನೋಟ.

"ಎಷ್ಟರಲ್ಲಿ ಕಾಲು ಭಾಗ?"

ನಗು ಬಂತು, ತಡೆದುಕೊಂಡೆ. ಡ್ರಾಯರ್‌ನಿಂದ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕ ತೆಗೆದು ಮೇಜಿನ ಮೇಲೆ ಹರಡಿದೆ. ವಯಸ್ಸು, ಗಂಡೋ ಹೆಣ್ಣೋ, ಸಿಗರೇಟ್, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬಿಪಿ ನೋಡಿಕೊಂಡು ಮುಂದಿನ ಹತ್ತು ವರ್ಷದ ಅಪಾಯ ಹೇಳುವ ಬಣ್ಣದ ಚೌಕಗಳು. ಮೇಷ್ಟ್ರ ಬೆರಳು ಕಿತ್ತಳೆ ಬಣ್ಣದ ಚೌಕದಲ್ಲಿ ನಿಂತಿತು. ಅಂದರೆ ನೂರಕ್ಕೆ ಹತ್ತರಿಂದ ಇಪ್ಪತ್ತರ ಒಳಗೆ. ನೂರು ಕುರ್ಚಿಯಲ್ಲಿ ಅಷ್ಟು ಕೆಂಪು! ಅವರ ಮುಖ ಗಂಭೀರವಾಯಿತು. ನಾನು ಕಾಲು ಭಾಗ ಕಳೆಯಲು ಹೊರಟೆ.

"ನಿಲ್ಲಿ, ನಿಲ್ಲಿ," ಎಂದರು. "ಇದರಲ್ಲಿ ಹೃದಯಾಘಾತ, ಲಕ್ವ ಎರಡೂ ಸೇರಿಸಿ ಕೊಟ್ಟಿದ್ದಾರೆ. ನೀವು ಹೇಳಿದ್ದು ಲಕ್ವ ಒಂದರ ಕಾಲು ಭಾಗ. ಹಾಗೆ ಕಳೆದರೆ ತಪ್ಪಾಗುತ್ತೆ ಅಲ್ವಾ?"

ತಪ್ಪಾಗುತ್ತಿತ್ತು. ಹೊರಗೆ ಒಂಬತ್ತು ಜನ ಕಾಯುತ್ತಿದ್ದರು. ನಾವಿಬ್ಬರೂ ಕಾಗದ ಪೆನ್ಸಿಲ್ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದೆವು. ಅವರು ಇನ್ನೊಂದು ಕೈಯಲ್ಲಿ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು, ಮೂರು ವಾರದಿಂದ ಮುಟ್ಟದೇ ಇದ್ದದ್ದು, ಕೋಷ್ಟಕ ಸುರುಳಿಯಾಗದ ಹಾಗೆ ಅದರ ಮೂಲೆಗೆ ಇಟ್ಟರು.