ಮ್ಯಾಚಿಂಗ್ ನಂಬರ್ಸ್ ಅಂದ್ರೆ ಏನು? ಹಳೇ ಮಿಲಿಟರಿ ರೈಫಲ್ ಕೊಳ್ಳೋರಿಗೆ ಗೊತ್ತಿರ್ಬೇಕಾದ ಪದ

ಮಿಲಿಟರಿ ಸರ್‌ಪ್ಲಸ್ (ಸೈನ್ಯಕ್ಕೆ ಬೇಡವಾಗಿ ಹೊರಗೆ ಬಂದ) ರೈಫಲ್ ಮಾರೋರು 'ಆಲ್ ಮ್ಯಾಚಿಂಗ್', 'ಬೋಲ್ಟ್ ಮಿಸ್‌ಮ್ಯಾಚ್', 'ಫೋರ್ಸ್ ಮ್ಯಾಚ್' ಅಂತೆಲ್ಲ ಬರ್ದಿರ್ತಾರೆ. ಹೊಸಬರು ನಂಬರ್ ಮ್ಯಾಚ್ ಆದ್ರೆ ಒರಿಜಿನಲ್, ಆಗ್ಲಿಲ್ಲ ಅಂದ್ರೆ ಕಲಬೆರಕೆ ಅಂತ ತೀರ್ಮಾನ ಮಾಡ್ಬಿಡ್ತಾರೆ. ನನ್ನ ಪ್ರಕಾರ ದುಡ್ಡು ಹೋಗೋದೇ ಇಲ್ಲಿ.

ಬೋಲ್ಟ್ ಆಕ್ಷನ್ ರೈಫಲ್, ಅಂದ್ರೆ ಬೋಲ್ಟ್ ಅನ್ನೋ ಹಿಡಿ ಇರೋ ಭಾಗವನ್ನ ಕೈಯಿಂದ ಹಿಂದೆ ಮುಂದೆ ಎಳೆದು ಗುಂಡು ತುಂಬೋ ರೈಫಲ್, ಮಾಡೋವಾಗ ಕೆಲವು ಭಾಗಗಳನ್ನ ಅದೇ ರೈಫಲ್‌ಗೆ ಕೂರೋ ಹಾಗೆ ಹೊಂದಿಸ್ತಿದ್ರು, ಆಮೇಲೆ ಅದಲುಬದಲು ಆಗ್ಬಾರ್ದು ಅಂತ ಎಲ್ಲದರ ಮೇಲೂ ಒಂದೇ ಸೀರಿಯಲ್ ನಂಬರ್ ಹೊಡೀತಿದ್ರು. ರಷ್ಯಾದ ಮೊಸಿನ್ ನಗಾಂಟ್ 91/30 ತಗೊಂಡ್ರೆ ನಳಿಗೆಯ ಬುಡ, ಬೋಲ್ಟ್, ಮ್ಯಾಗಜೀನ್ ಕೆಳಗಿನ ಪ್ಲೇಟ್, ಹಿಂದೆ ಭುಜಕ್ಕೆ ಒರಗೋ ಬಟ್‌ಪ್ಲೇಟ್, ಈ ನಾಲ್ಕು ಕಡೆ ನಂಬರ್ ಇರತ್ತೆ. ಜರ್ಮನಿಯ ಮೌಸರ್ 98ಕೆ ಇನ್ನೂ ಕಟ್ಟುನಿಟ್ಟು, ಸಣ್ಣ ಸಣ್ಣ ಪಾರ್ಟ್‌ಗಳು, ಎಷ್ಟೋ ರೈಫಲ್‌ಗಳಲ್ಲಿ ಸ್ಕ್ರೂಗಳ ಮೇಲೂ ನಂಬರಿನ ಕೊನೇ ಎರಡಂಕಿ ಸಿಗತ್ತೆ. ಇವೆಲ್ಲ ಒಂದಕ್ಕೊಂದು ತಾಳೆ ಆದ್ರೆ ಅದು ಮ್ಯಾಚಿಂಗ್.

ಹಾಗಾದ್ರೆ ಈ ತಾಳೆ ತಪ್ಪಿದ್ದು ಹೇಗೆ? ಯುದ್ಧ. ಶರಣಾದ ಸೈನಿಕರ ರೈಫಲ್‌ಗಳಿಂದ ಬೋಲ್ಟ್ ತೆಗೆದು ಬೇರೆ ರಾಶಿ ಹಾಕ್ತಿದ್ರು, ಊರಿಗೆ ವಾಪಸ್ ಹೊರಟ ಅಮೆರಿಕನ್ ಸೈನಿಕ ಒಂದು ರಾಶಿಯಿಂದ ರೈಫಲ್, ಇನ್ನೊಂದರಿಂದ ಕೈಗೆ ಸಿಕ್ಕ ಬೋಲ್ಟ್ ಎತ್ಕೊಂಡು ಹೋದ, ಹಾಗಾಗಿ ಅಮೆರಿಕದಲ್ಲಿ ಬೇರೆಲ್ಲಾ ಸರಿಯಿದ್ದು ಬೋಲ್ಟ್ ಒಂದೇ ಬೇರೆ ನಂಬರಿನ ಮೌಸರ್‌ಗಳು ಸುಮಾರು ಸಿಗ್ತವೆ. ಸೋವಿಯತ್ ಕಡೆ ಕಥೆ ಬೇರೆ. 1945ರ ನಂತರ ತಮ್ಮ ಮೊಸಿನ್‌ಗಳನ್ನೂ, ಜರ್ಮನ್ನರಿಂದ ವಶಪಡಿಸ್ಕೊಂಡ ಮೌಸರ್‌ಗಳನ್ನೂ ಆರ್ಸೆನಲ್‌ಗಳಲ್ಲಿ (ಸೈನ್ಯದ ಆಯುಧ ಕಾರ್ಖಾನೆ, ಉಗ್ರಾಣ) ಬಿಚ್ಚಿ, ತೊಳೆದು, ರಿಪೇರಿ ಮಾಡಿ, ಸಿಕ್ಕ ಪಾರ್ಟ್ ಹಾಕಿ ಮತ್ತೆ ಜೋಡಿಸಿ, ಗ್ರೀಸ್ ಬಳಿದು ಗೋಡೌನ್‌ನಲ್ಲಿ ಇಟ್ರು.

ಫೋರ್ಸ್ ಮ್ಯಾಚ್ ಅಂದ್ರೆ ಬೇರೆ ರೈಫಲ್‌ನ ಪಾರ್ಟ್ ಮೇಲೆ ಆಮೇಲೆ ಈ ರೈಫಲ್‌ನ ನಂಬರ್ ಹಾಕಿ ತಾಳೆ ಮಾಡಿರೋದು, ಇಂಥ ರಿಪೇರಿಯಲ್ಲಿ ಆಗಿದ್ದು ಇದೇ. ಇಂಥ ಒಂದು ಮೊಸಿನ್‌ನ ಬೋಲ್ಟ್ ಹಿಡಿ ಬುಡವನ್ನ ಬೆಳಕಿಗೆ ಹಿಡಿದು ನೋಡಿ, ಹಳೇ ನಂಬರ್ ಮೇಲೆ ಒಂದು ಗೀಟು ಎಳೆದೋ ಉಜ್ಜಿಯೋ ಪಕ್ಕದಲ್ಲಿ ಹೊಸ ನಂಬರ್ ಹೊಡೆದಿರ್ತಾರೆ. ವಶಪಡಿಸ್ಕೊಂಡ ಮೌಸರ್ ಬೋಲ್ಟ್ ಮೇಲಾದ್ರೆ ಎಷ್ಟೋ ಸಲ ಎಲೆಕ್ಟ್ರಿಕ್ ಪೆನ್ಸಿಲ್‌ನಲ್ಲಿ (ಲೋಹದ ಮೇಲೆ ಬರೆಯೋ ಕರೆಂಟ್ ಸಾಧನ) ಗೀಚಿದ ಹಾಗಿರತ್ತೆ. ಚೌಕದೊಳಗೆ ಓರೆ ಗೆರೆ ಇರೋ ಗುರುತು ಕಂಡ್ರೆ ಅದು ಸೋವಿಯತ್ ಆರ್ಸೆನಲ್‌ನಲ್ಲಿ ರಿಪೇರಿ ಆಗಿದ್ದು ಅಂತ. ಈ ಬೋಲ್ಟ್ ಇನ್ಮೇಲೆ ಈ ರೈಫಲ್‌ದು ಅಂತ ಆರ್ಸೆನಲ್ಲೇ ಗುರುತು ಹಾಕಿದೆ, ಹಳೇದನ್ನ ಮುಚ್ಚಿಡೋ ಉದ್ದೇಶಾನೇ ಇರ್ಲಿಲ್ಲ. ನಂಗೆ ಇಂಥ ರೈಫಲ್ ಮೇಲೆ ಗೌರವ ಜಾಸ್ತಿನೇ, ಅದರ ಇತಿಹಾಸ ಅದರ ಮೈಮೇಲೇ ಇದೆ.

ಮೋಸ ಅಂದ್ರೆ ಈಗಿನ ಕಾಲದ ಮಾರಾಟಗಾರ ರೇಟ್ ಏರಿಸೋಕೆ ನಂಬರ್ ಉಜ್ಜಿ ಹೊಸದು ಹೊಡೆಯೋದು. ಫ್ಯಾಕ್ಟರಿ ನಂಬರ್‌ಗಳನ್ನ ಎಷ್ಟೋ ಸಲ ಬ್ಲೂಯಿಂಗ್‌ಗೆ (ಲೋಹಕ್ಕೆ ಕೊಡೋ ಕಪ್ಪು ನೀಲಿ ಬಣ್ಣ) ಮೊದಲೇ ಹೊಡೀತಿದ್ರು, ಅಂಥ ಕಡೆ ಅಂಕಿಯ ತಗ್ಗಿನ ಒಳಗೂ ಬಣ್ಣ ಇರತ್ತೆ. ಇತ್ತೀಚೆಗೆ ಹೊಡೆದಿದ್ರೆ ತಗ್ಗಿನಲ್ಲಿ ಲೋಹ ಹೊಳೀತಿರತ್ತೆ, ಅಂಚು ಉಬ್ಬಿರತ್ತೆ, ಸುತ್ತಲಿನ ಜಾಗ ತುಸು ತಗ್ಗಾಗಿರತ್ತೆ. ಅಂಕಿಗಳ ಆಕಾರವನ್ನ ನಳಿಗೆ ಮೇಲಿನ ಅಂಕಿಗಳ ಜೊತೆ ಹೋಲಿಸಿ, 4 ಮತ್ತು 7ರಲ್ಲಿ ವ್ಯತ್ಯಾಸ ಬೇಗ ಕಣ್ಣಿಗೆ ಬೀಳತ್ತೆ.

ಇನ್ನೊಂದು ತಪ್ಪು ತಿಳುವಳಿಕೆ ಸುರಕ್ಷತೆ ಬಗ್ಗೆ. ಬೋಲ್ಟ್ ಬೇರೆ ಇದ್ರೆ ಹೆಡ್‌ಸ್ಪೇಸ್ ತಪ್ಪಿರೋ ಸಾಧ್ಯತೆ ಇದೆ, ಅಂದ್ರೆ ಬೋಲ್ಟಿನ ಮುಖಕ್ಕೂ ಚೇಂಬರಲ್ಲಿ (ನಳಿಗೆಯ ಬುಡದಲ್ಲಿ ಗುಂಡು ಕೂರೋ ಗೂಡು) ಕಾರ್ಟ್ರಿಜ್ ತಡೆದು ನಿಲ್ಲೋ ಜಾಗಕ್ಕೂ ಮಧ್ಯೆ ಇರ್ಬೇಕಾದ ಅಳತೆ. ಅದು ಮಿತಿ ಮೀರಿದ್ರೆ ಕಾರ್ಟ್ರಿಜ್‌ನ ಲೋಹದ ಕೇಸ್ ಒಡೆದು ಬಿಸಿ ಗ್ಯಾಸ್ ಮುಖದ ಕಡೆ ಬರಬಹುದು. ಆದ್ರೆ ಮ್ಯಾಚಿಂಗ್ ರೈಫಲ್ ಕೂಡ ಸವೆದಿರಬಹುದಲ್ವಾ, ಹಾಗಾಗಿ ನಂಬರ್ ಏನೇ ಇರ್ಲಿ ಗುಂಡು ಹಾರಿಸೋ ಮುಂಚೆ ಗೋ, ನೋ-ಗೋ ಗೇಜ್ (ಹೆಡ್‌ಸ್ಪೇಸ್ ಅಳೆಯೋ ಅಳತೆಗೋಲು) ಹಾಕಿ ಗನ್‌ಸ್ಮಿತ್ ಹತ್ರ ಚೆಕ್ ಮಾಡಿಸಲೇಬೇಕು. ಬ್ರಿಟಿಷರ ಲೀ ಎನ್‌ಫೀಲ್ಡ್ ನಂಬರ್ 4ರಲ್ಲಂತೂ ಇದನ್ನ ಸರಿ ಮಾಡೋಕಂತಲೇ 0ಯಿಂದ 3ರವರೆಗೆ ಬೇರೆ ಬೇರೆ ಉದ್ದದ ಬೋಲ್ಟ್ ಹೆಡ್‌ಗಳಿದ್ವು.

ಈ ಪದ ಎಲ್ಲಾ ರೈಫಲ್‌ಗೂ ಅನ್ವಯಿಸಲ್ಲ. ಅಮೆರಿಕದ ಎಂ1 ಗ್ಯಾರಂಡ್‌ಗೆ ಸೀರಿಯಲ್ ನಂಬರ್ ಇರೋದು ರಿಸೀವರ್ (ನಳಿಗೆ, ಬೋಲ್ಟ್ ಕೂರೋ ಮುಖ್ಯ ಲೋಹದ ಚೌಕಟ್ಟು) ಮೇಲೆ ಮಾತ್ರ, ಉಳಿದ ಪಾರ್ಟ್ ಮೇಲೆ ಕಾಣೋದು ಡ್ರಾಯಿಂಗ್ ನಂಬರ್, ಅಂದ್ರೆ ಆ ಪಾರ್ಟಿನ ನಕ್ಷೆಯ ನಂಬರ್. ಆದ್ರಿಂದ ಯಾರಾದ್ರೂ 'ಆಲ್ ಮ್ಯಾಚಿಂಗ್ ಗ್ಯಾರಂಡ್' ಅಂದ್ರೆ ಅವರಿಗೆ ಗೊತ್ತಿಲ್ಲ, ಇಲ್ಲಾ ನಿಮಗೆ ಗೊತ್ತಿಲ್ಲ ಅಂದ್ಕೊಂಡಿದಾರೆ. ಅಲ್ಲಿ ಕೇಳ್ಬೇಕಾದ್ದು 'ಕರೆಕ್ಟ್' ಅಂತ, ಅಂದ್ರೆ ಪ್ರತಿ ಪಾರ್ಟೂ ಆ ತಯಾರಕರದ್ದೇ, ಆ ಕಾಲದ್ದೇ ಅಂತ. ಸ್ವಿಸ್ ಕೆ31 ಇದಕ್ಕೆ ತದ್ವಿರುದ್ಧ, ಯುದ್ಧ ನೋಡದೇ ಉಳಿದಿದ್ರಿಂದ ಅದು ಹೆಚ್ಚಾಗಿ ಮ್ಯಾಚಿಂಗಾಗೇ ಸಿಗತ್ತೆ.

ಜಾಸ್ತಿ ದುಡ್ಡು ಕೊಡೋದಿದ್ರೆ ಫ್ಯಾಕ್ಟರಿ ಮ್ಯಾಚಿಂಗ್ ಇರೋ ಮೌಸರ್‌ಗೆ ಕೊಡಿ, ಅದು ನಿಜವಾಗ್ಲೂ ಅಪರೂಪ. ರಿಪೇರಿ ಆದ ಮೊಸಿನ್ ಆದ್ರೆ ಮೊದ್ಲು ನಳಿಗೆಯ ಒಳಗಿನ ರೈಫ್ಲಿಂಗ್ (ಗುಂಡನ್ನ ತಿರುಗಿಸೋ ಸುರುಳಿ ಗೀರುಗಳು) ಹೇಗಿದೆ ನೋಡಿ, ನಂಬರ್ ಆಮೇಲೆ. ಫೋಟೋ ನೋಡಿ ತಗೊಳ್ಳೋರು ಪ್ರತಿ ನಂಬರಿಂದೂ ಬೇರೆ ಬೇರೆಯಾಗಿ, ಹತ್ರದಿಂದ, ಓರೆ ಬೆಳಕಲ್ಲಿ ತೆಗೆದ ಫೋಟೋ ಕೇಳಿ, ಕೊಡಲ್ಲ ಅಂದ್ರೆ ಆ ರೈಫಲ್ ಬಿಟ್ಬಿಡಿ.