ಓಪಕಪಕ ಮೀನಿನ ವಯಸ್ಸು: ನಾನು ಎಡವಿದ ಜಾಗ

ಓಪಕಪಕ ಅನ್ನೋದು ಹವಾಯಿಯ ಹೆಸರು. ವೈಜ್ಞಾನಿಕ ಹೆಸರು ಪ್ರಿಸ್ಟಿಪೊಮಾಯ್ಡಿಸ್ ಫಿಲಮೆಂಟೋಸಸ್, ಸ್ನ್ಯಾಪರ್ ಕುಟುಂಬ. ಪೂರ್ವ ಆಫ್ರಿಕಾದಿಂದ ಹವಾಯಿವರೆಗೂ ಇದೆ. ಉಷ್ಣವಲಯದ ಮೀನು ಅಂದ ತಕ್ಷಣ ಹವಳದ ದಿಬ್ಬ ಕಣ್ಣಮುಂದೆ ಬರುತ್ತದೆ, ಅಲ್ವಾ? ಇದು ಅಲ್ಲಿರುವುದಿಲ್ಲ. ಬಲಿತ ಮೀನು ಸುಮಾರು 100ರಿಂದ 400 ಮೀಟರ್ ಆಳದಲ್ಲಿ, ಕಡಿದಾದ ಕಲ್ಲಿನ ಇಳಿಜಾರಿನ ಬಳಿ ಸುಳಿದಾಡುತ್ತದೆ. ಸಿಗಡಿ, ಸಣ್ಣ ಮೀನು, ನೀರಲ್ಲಿ ತೇಲುವ ಲೋಳೆಯಂಥ ಜೀವಿಗಳು ಇದರ ಆಹಾರ.

ಮರಿಗಳ ಕಥೆ ಬೇರೆ. ಹವಾಯಿಯಲ್ಲಿ ಅವು 60ರಿಂದ 100 ಮೀಟರ್ ಆಳದ ಸಪಾಟಾದ ಮರಳು ನೆಲದ ಮೇಲೆ ಬೆಳೆಯುತ್ತವೆ. ಇದನ್ನು ನಾನು ಸುಮ್ನೆ ಓದಿ ಮುಂದೆ ಹೋಗಿದ್ದೆ. ಕೊನೆಗೆ ಬೀಗ ತೆಗೆದದ್ದು ಇದೇ.

ಈಗ ವಯಸ್ಸು. ಮೀನಿನ ಕಿವಿಯೊಳಗೆ ಒಂದು ಪುಟ್ಟ ಕಲ್ಲಿರುತ್ತದೆ, ಕಿವಿಗಲ್ಲು. ಅದರ ಮೇಲೆ ಪದರ ಪದರವಾಗಿ ಸುಣ್ಣ ಕೂರುತ್ತದೆ. ಆದರೆ ಈ ಮೀನಿನಲ್ಲಿ ವರ್ಷದ ಬಳೆಗಳು ಮಸುಕು. ದಿನದ ಗೆರೆಗಳನ್ನು ಎಣಿಸಿ ಮೊದಲು ಹೇಳಿದ ಗರಿಷ್ಠ ವಯಸ್ಸು ಸುಮಾರು 18 ವರ್ಷ. ರೇಡಿಯೋಕಾರ್ಬನ್, ಅಂದರೆ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಅಳೆಯುವ ವಿಧಾನ, ಬಂದ ಮೇಲೆ ಅದು 40 ದಾಟಿತು.

ನಾನು ಎಡವಿದ್ದು ಇಲ್ಲೇ. ಕಾರ್ಬನ್-14 ಅರ್ಧ ಆಗಲು ಸುಮಾರು 5,700 ವರ್ಷ ಬೇಕು. 40 ವರ್ಷ ಅಳೆಯಲು ಅದು ಹೇಗೆ ಸಾಕು? ಉತ್ತರ: ಇಲ್ಲಿ ಕ್ಷಯವನ್ನು ಅಳೆಯುವುದೇ ಇಲ್ಲ! 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಒಮ್ಮೆಲೇ ಏರಿತು. ಮೇಲಿನ ನೀರಿಗೂ ಇಳಿಯಿತು. ಆ ಏರಿಳಿತವನ್ನು ಹವಳಗಳು ವರ್ಷ ವರ್ಷ ಬರೆದಿಟ್ಟಿವೆ. ಅಂದರೆ ಇದು ಗಡಿಯಾರ ಅಲ್ಲ, ಅಂಚೆ ಮುದ್ರೆ. ಕಲ್ಲಿನ ನಡುಭಾಗವನ್ನು ಕೊರೆದು, ಅಲ್ಲಿನ ಪ್ರಮಾಣವನ್ನು ಹವಳದ ದಾಖಲೆಗೆ ಹೊಂದಿಸಿದರೆ ಹುಟ್ಟಿದ ಕಾಲ ಸಿಗುತ್ತದೆ.

ನಡುಭಾಗವೇ ಯಾಕೆ, ಅಂಚು ಯಾಕಲ್ಲ? ನಡುಭಾಗ ಕಟ್ಟಿಕೊಂಡದ್ದು ಮೀನು ಮರಿಯಾಗಿ, 100 ಮೀಟರ್‌ಗಿಂತ ಮೇಲಿನ ನೀರಲ್ಲಿದ್ದಾಗ. ಹವಳ ಕುಡಿದದ್ದೂ ಅದೇ ನೀರು. ಅಂಚು ಕಟ್ಟಿದ್ದು ಆಳದಲ್ಲಿ, ಬಾಂಬಿನ ಕಾರ್ಬನ್ ತಡವಾಗಿ ತಲುಪುವ ಜಾಗದಲ್ಲಿ. ಅಲ್ಲಿನ ಮುದ್ರೆ ಹವಳದ್ದಕ್ಕೆ ಹೊಂದುವುದಿಲ್ಲ.

ಉದಾಹರಣೆಗೆ, 2000ದಲ್ಲಿ ಹಿಡಿದ ಮೀನಿನ ನಡುಭಾಗದಲ್ಲಿ ಬಾಂಬಿನ ಗುರುತೇ ಇಲ್ಲದಿದ್ದರೆ, ಅದು ಆ ಏರಿಕೆಗೆ ಮುಂಚೆಯೇ ಹುಟ್ಟಿದ್ದು. 40ಕ್ಕಿಂತ ಜಾಸ್ತಿ ಅಂತಾಯಿತು.

ಒಂದು ತೊಡಕು. ಪ್ರಮಾಣ ಏರಿ ಮತ್ತೆ ಇಳಿದಿರುವುದರಿಂದ ಒಂದೇ ಅಳತೆ ಎರಡು ಕಾಲಕ್ಕೆ ಹೊಂದಬಹುದು. ಆಗ ಮೀನಿನ ಉದ್ದ, ಕಲ್ಲಿನ ತೂಕ ನೋಡಿ ಒಂದನ್ನು ಕೈಬಿಡಬೇಕು.