ಯೆಜ್ಡಿಯ ಜ್ಯಾಮಿತಿ: ಹೊಸ ಹ್ಯಾಂಡಲ್, ಅಗಲದ ಚಕ್ರ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ ಮೋಟರ್‌ಸೈಕಲ್ ತಯಾರಿಸಲು ತೊಡಗಿ, 1973ರ ನಂತರ ಅವನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿ, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ನಿಂತು ಇಷ್ಟು ವರ್ಷಗಳಾದರೂ ಹಳೇ ಮೈಸೂರಿನ ಊರುಗಳಲ್ಲಿ ಅಪ್ಪನದೋ ದೊಡ್ಡಪ್ಪನದೋ ಒಂದು ಯೆಜ್ಡಿ ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುವುದನ್ನು ಈಗಲೂ ಕಾಣಬಹುದು. ಅಂಥದೊಂದು ರೋಡ್‌ಕಿಂಗ್ ಗಾಡಿಯನ್ನು ನನ್ನ ಸೋದರಳಿಯ ಕಳೆದ ವರ್ಷ ಹೊರಗೆ ತಂದು, ಇಂಜಿನ್ ಬಿಚ್ಚಿಸಿ ಸರಿಮಾಡಿಸಿದ. ಅದರ ಬೆನ್ನಿಗೇ ಎರಡು ಆಸೆಗಳನ್ನು ಮುಂದಿಟ್ಟ. ಈಗಿನ ಬೈಕುಗಳಲ್ಲಿರುವಂತಹ ಅಗಲವಾದ ಹ್ಯಾಂಡಲ್ ಬೇಕು, ದಪ್ಪ ಟೈರಿನ ಅಗಲ ಚಕ್ರ ಬೇಕು. ಅವನ ಜೊತೆ ಕೂತು ಮಾಡಿದ ಲೆಕ್ಕವೇ ಈ ಲೇಖನಕ್ಕೆ ಆಧಾರ. ಹ್ಯಾಂಡಲನ್ನು ಅಳತೆಯರಿತು ಬದಲಿಸಿದರೆ ಹಳೆಯ ಗಾಡಿಗೆ ಅನುಕೂಲವೇ ಆಗುತ್ತದೆ. ಚಕ್ರದ ಅಗಲವನ್ನು ಮಾತ್ರ ಒಂದು ಹೆಜ್ಜೆಗಿಂತ ಹೆಚ್ಚು ಬೆಳೆಸಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ ಎಂಬುದು ನಾನು ಕಂಡುಕೊಂಡ ಉತ್ತರ.

ಹ್ಯಾಂಡಲ್ ಮೂಲತಃ ಒಂದು ಸನ್ನೆಗೋಲು. ತುದಿಯಿಂದ ತುದಿಗೆ 70 ಸೆಂ.ಮೀ. ಇರುವ ಹ್ಯಾಂಡಲಿನಲ್ಲಿ ಕೈಯ ಬಲ ಕೆಲಸ ಮಾಡುವುದು ನಡುವಿನಿಂದ 35 ಸೆಂ.ಮೀ. ದೂರದಲ್ಲಿ. ಅದನ್ನು 80 ಸೆಂ.ಮೀ. ಮಾಡಿದರೆ ಆ ದೂರ 40 ಸೆಂ.ಮೀ. ಆಗುತ್ತದೆ, ಮೊದಲಿನಷ್ಟೇ ತಿರುಗುಬಲ ಹುಟ್ಟಿಸಲು ಕೈ ಹಾಕಬೇಕಾದ ಬಲ ಎಂಟನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಕೈ ಹೆಚ್ಚು ದೂರ ಚಲಿಸಬೇಕು. ಹತ್ತು ಡಿಗ್ರಿ ತಿರುಗಿಸಲು ಮೊದಲು ಕೈ ಸುಮಾರು 6 ಸೆಂ.ಮೀ. ಸರಿಯುತ್ತಿದ್ದರೆ ಈಗ 7 ಸೆಂ.ಮೀ. ಸರಿಯುತ್ತದೆ. ಕಲ್ಲುಮಣ್ಣಿನ ದಾರಿಯಲ್ಲಿ ಮುಂಚಕ್ರ ಅತ್ತಿತ್ತ ಎಳೆದಾಡುವಾಗ ಈ ಹೆಚ್ಚುವರಿ ಹಿಡಿತ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಆದರೆ ಮೋಟರ್‌ಸೈಕಲ್ ತಿರುಗುವುದು ಎತ್ತಿನ ಗಾಡಿ ತಿರುಗುವಂತಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸ್ವಲ್ಪ ವೇಗದಲ್ಲಿ ಎಡಕ್ಕೆ ಹೋಗಬೇಕಾದರೆ ಸವಾರ ತನಗೆ ತಿಳಿಯದಂತೆಯೇ ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ಒತ್ತುತ್ತಾನೆ. ಮುಂಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಚಕ್ರಗಳು ಗಾಡಿಯ ಭಾರದ ಕೆಳಗಿನಿಂದ ಬಲಕ್ಕೆ ಜರುಗುತ್ತವೆ, ಗಾಡಿ ಎಡಕ್ಕೆ ವಾಲುತ್ತದೆ. ಆ ವಾಲಿಕೆಯಿಂದಲೇ ಎಡತಿರುವು ಹುಟ್ಟುತ್ತದೆ. ವಿಮಾನ ಕಂಡುಹಿಡಿದ ಸೋದರರಲ್ಲಿ ಒಬ್ಬರಾದ ವಿಲ್ಬರ್ ರೈಟ್ ಸೈಕಲ್ ಸವಾರರಲ್ಲಿ ಈ ಸಂಗತಿಯನ್ನು ಗಮನಿಸಿದ್ದರು. ತಾವು ಹೀಗೆ ಮಾಡುತ್ತಿದ್ದೇವೆಂಬುದು ಸವಾರರಿಗೇ ಗೊತ್ತಿರುವುದಿಲ್ಲ ಎಂಬುದನ್ನೂ ಅವರು ಗುರುತಿಸಿದ್ದರು. ಅಗಲದ ಹ್ಯಾಂಡಲಿನಲ್ಲಿ ಈ ಮೊದಲ ಒತ್ತು ಸುಲಭವಾಗುವುದರಿಂದ ಗಾಡಿ ಹಗುರವಾದಂತೆ ತೋರುತ್ತದೆ. ಅದೇ ಕಾರಣಕ್ಕೆ ಸವಾರ ಬೆಚ್ಚಿ ತೋಳು ಬಿಗಿಹಿಡಿದಾಗಲೂ ಆ ಬೇಡದ ಒತ್ತು ಹೆಚ್ಚು ತಿರುಗುಬಲವಾಗಿ ಮುಂಚಕ್ರವನ್ನು ತಲುಪುತ್ತದೆ.

ಹೊಸ ಹ್ಯಾಂಡಲಿನ ಲೋಹದ ವಿಚಾರವೂ ಇದೆ. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 22 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆ. ಈಗ ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಹ್ಯಾಂಡಲುಗಳು ಹಲವು ಬಾರಿ ನಡುವೆ 28.6 ಮಿ.ಮೀ. ದಪ್ಪವಿದ್ದು, ತುದಿಯಲ್ಲಿ ಮತ್ತೆ 22ಕ್ಕೆ ಇಳಿಯುತ್ತವೆ. ತುದಿಯಲ್ಲಿ ಒತ್ತಿದಾಗ ಬಾಗಿಸುವ ಬಲ ಅತಿ ಹೆಚ್ಚಾಗಿರುವುದು ಕ್ಲ್ಯಾಂಪಿನ ಹತ್ತಿರ, ಆದ್ದರಿಂದ ಅಲ್ಲಿಯೇ ದಪ್ಪ ಇಟ್ಟಿರುತ್ತಾರೆ. ಅಲ್ಯೂಮಿನಿಯಂನ ಬಿಗುವು ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ಕೊಳವೆಯ ವ್ಯಾಸ ಹೆಚ್ಚಿಸಿ ಆ ಕೊರತೆಯ ಬಹುಪಾಲನ್ನು ತುಂಬಿಕೊಳ್ಳುತ್ತಾರೆ. ಇನ್ನೊಂದು ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಉಕ್ಕು ಒಂದು ಮಿತಿಯ ಒಳಗಿನ ಬಾಗುವಿಕೆಯನ್ನು ಲೆಕ್ಕವಿಲ್ಲದಷ್ಟು ಸಲ ತಾಳಿಕೊಳ್ಳಬಲ್ಲದು; ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ, ಪ್ರತಿ ಕಂಪನವೂ ಅದರ ಆಯಸ್ಸಿನಿಂದ ಒಂದಿಷ್ಟನ್ನು ತೆಗೆದುಕೊಳ್ಳುತ್ತದೆ. ಒಂದೇ ಸಿಲಿಂಡರಿನ ಈ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಹ್ಯಾಂಡಲನ್ನು ಸೆಕೆಂಡಿಗೆ ಸುಮಾರು 67 ಸಲ ನಡುಗಿಸುತ್ತಿರುತ್ತದೆ. ಬಿದ್ದು ಬಾಗಿದ ಅಲ್ಯೂಮಿನಿಯಂ ಹ್ಯಾಂಡಲನ್ನು ಬಡಿದು ನೇರ ಮಾಡಿ ಮತ್ತೆ ಹಾಕುವುದು ಅಪಾಯ ಎನ್ನುವುದು ಈ ಕಾರಣದಿಂದ.

ನಮ್ಮ ಮೊದಲ ಪ್ರಯತ್ನದಲ್ಲಿ ಆದ ತಪ್ಪು ಮಾತ್ರ ಲೋಹದ್ದಾಗಿರಲಿಲ್ಲ. ಗ್ಯಾರೇಜಿನಲ್ಲಿ ಹೊಸ ಹ್ಯಾಂಡಲ್ ಕೂರಿಸಿ, ಹಳೆಯ ಕೇಬಲುಗಳನ್ನೇ ಎಳೆದು ಕಟ್ಟಿದ್ದರು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ಪೂರ್ತಿ ತಿರುಗಿಸಿದಾಗ, ಎರಡು ಸೈಲೆನ್ಸರುಗಳಿಂದಲೂ ಬರುತ್ತಿದ್ದ ಸಮನಾದ ಟಪಟಪ ಸದ್ದು ತಾನಾಗಿಯೇ ಏರತೊಡಗಿತು. ಬಲಗೈ ಹಿಡಿ ಮುಂದಕ್ಕೂ ಹೊರಕ್ಕೂ ಸರಿದಂತೆ ಕೇಬಲಿನ ಹೊರಕವಚ ಬಿಗಿದು, ಒಳಗಿನ ತಂತಿ, ಕಾರ್ಬುರೇಟರಿನಲ್ಲಿ ಗಾಳಿ-ಪೆಟ್ರೋಲಿನ ದಾರಿ ತೆರೆಯುವ ಸ್ಲೈಡನ್ನು ಎರಡು ಮೂರು ಮಿಲಿಮೀಟರ್ ಮೇಲಕ್ಕೆತ್ತಿತ್ತು. ಕಿರಿದಾದ ಗಲ್ಲಿಯಲ್ಲಿ ಯೂ-ಟರ್ನ್ ಮಾಡುವಾಗ ಗಾಡಿ ತಾನೇ ರೈಸ್ ಆದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾಂಡಲಿನ ಪ್ರತಿ ಬದಿ ಐದು ಸೆಂಟಿಮೀಟರ್ ಅಗಲವಾದರೆ ಆಕ್ಸಿಲರೇಟರ್, ಕ್ಲಚ್, ಮುಂಬ್ರೇಕುಗಳ ಮೂರೂ ಕೇಬಲುಗಳು ಅದಕ್ಕೆ ತಕ್ಕ ಉದ್ದದವಾಗಲೇಬೇಕು. ವೈರಿಂಗ್‌ಗೂ ಇದೇ ಮಾತು ಸಲ್ಲುತ್ತದೆ.

ಇನ್ನು ಚಕ್ರದ ವಿಷಯ. ದಪ್ಪ ಟೈರು ಹಾಕಿದರೆ ನೆಲದ ಮೇಲೆ ಹೆಚ್ಚು ಜಾಗ ಊರುತ್ತದೆ, ಆದ್ದರಿಂದ ಹಿಡಿತವೂ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಟೈರಿನೊಳಗಿನ ಗಾಳಿಯೇ ಮುಖ್ಯವಾಗಿ ಭಾರ ಹೊರುವುದು ಎಂಬುದನ್ನು ನೆನೆದರೆ ಲೆಕ್ಕ ಬೇರೆಯಾಗಿ ಕಾಣುತ್ತದೆ. ಹಿಂಚಕ್ರದ ಮೇಲೆ 120 ಕಿಲೋ ಭಾರವಿದ್ದು, ಗಾಳಿಯ ಒತ್ತಡ 28 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಇದ್ದರೆ, ನೆಲ ಮುಟ್ಟುವ ಭಾಗ ಹೆಚ್ಚುಕಡಿಮೆ 60 ಚದರ ಸೆಂಟಿಮೀಟರ್ ಆಗುತ್ತದೆ. ಅದೇ ಒತ್ತಡದಲ್ಲಿ ಅಗಲದ ಟೈರು ಹಾಕಿದರೂ ಈ ವಿಸ್ತೀರ್ಣ ಹೆಚ್ಚೇನೂ ಬದಲಾಗದು; ಉದ್ದವಾಗಿದ್ದ ಗುರುತು ಮೋಟಾಗಿ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ನೂರೈವತ್ತು, ಇನ್ನೂರು ಅಶ್ವಶಕ್ತಿಯ ಬೈಕುಗಳಿಗೆ ಅಗಲದ ಟೈರು ಬೇಕಾಗುವುದು ಆ ಶಕ್ತಿಯಿಂದ ಹುಟ್ಟುವ ಬಿಸಿಯನ್ನೂ ಸವೆತವನ್ನೂ ತಾಳಿಕೊಳ್ಳಲು. ರೋಡ್‌ಕಿಂಗ್‌ನ ಸುಮಾರು 16 ಅಶ್ವಶಕ್ತಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂಚಕ್ರಕ್ಕೆ ಕೊಡಬಲ್ಲ ತಳ್ಳುಬಲ ಹೆಚ್ಚೆಂದರೆ 700 ನ್ಯೂಟನ್ ಆಸುಪಾಸು. ಒಣಗಿದ ಡಾಂಬರಿನ ಮೇಲೆ ಹಳೆಯ ಸಪೂರ ಟೈರೇ 900 ನ್ಯೂಟನ್‌ಗೂ ಹೆಚ್ಚಿನದನ್ನು ತಡೆದುಕೊಳ್ಳುತ್ತದೆ. ಬ್ರೇಕಿನ ಮಾತು ತೆಗೆದರೂ ಅಷ್ಟೆ, ಡ್ರಮ್ ಅದೇ ಹಳೆಯದು, ಟೈರು ದೊಡ್ಡದಾದ ಮಾತ್ರಕ್ಕೆ ಅದರ ಬಲ ಹೆಚ್ಚುವುದಿಲ್ಲ. ಚಕ್ರದ ಒಟ್ಟು ವ್ಯಾಸ ಹೆಚ್ಚಿದರೆ ನೆಲಕ್ಕೆ ತಲುಪುವ ಬ್ರೇಕಿನ ಬಲ ಅಷ್ಟರಮಟ್ಟಿಗೆ ಕಡಿಮೆಯೇ ಆಗುತ್ತದೆ.

ತಿರುವಿನಲ್ಲಂತೂ ದಪ್ಪ ಟೈರು ಹೆಚ್ಚು ವಾಲಿಸುತ್ತದೆ. ಟೈರಿಗೆ ದಪ್ಪವೇ ಇಲ್ಲವೆಂದುಕೊಂಡರೆ 30 ಡಿಗ್ರಿ ವಾಲಬೇಕಾದ ತಿರುವನ್ನು ತೆಗೆದುಕೊಳ್ಳಿ. ಗಾಡಿ ವಾಲಿದಾಗ ನೆಲ ಮುಟ್ಟುವ ಬಿಂದು ಟೈರಿನ ನಡುವಿನಿಂದ ಅಂಚಿನ ಕಡೆಗೆ ಸರಿಯುವುದರಿಂದ, ಭಾರದ ಕೇಂದ್ರವನ್ನು ಆ ಬಿಂದುವಿಗೆ ಸರಿಹೊಂದಿಸಲು ಇನ್ನಷ್ಟು ವಾಲಬೇಕಾಗುತ್ತದೆ. ಭಾರದ ಕೇಂದ್ರ 65 ಸೆಂ.ಮೀ. ಎತ್ತರದಲ್ಲಿದ್ದರೆ, 3.25 ಇಂಚಿನ ಟೈರಿಗೆ ಇದು ಸುಮಾರು 32 ಡಿಗ್ರಿ, 120 ಮಿ.ಮೀ. ಟೈರಿಗೆ ಸುಮಾರು 33 ಡಿಗ್ರಿ ಎಂದು ಲೆಕ್ಕ ಬರುತ್ತದೆ. ಒಂದು ಡಿಗ್ರಿ ದೊಡ್ಡದಲ್ಲ ಎನ್ನಬಹುದು, ಆದರೆ ಫುಟ್‌ರೆಸ್ಟ್ ನೆಲಕ್ಕೆ ತಾಗುವ ಗಾಡಿಯಲ್ಲಿ ಅದೇ ಒಂದು ಡಿಗ್ರಿ ನಮ್ಮ ಕೈಯಲ್ಲಿದ್ದ ಉಳಿತಾಯ.

ಈ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಟ್ರೇಲ್ ಎಂಬ ಅಳತೆ. ಹ್ಯಾಂಡಲ್ ತಿರುಗುವ ಓರೆಯಾದ ಅಕ್ಷವನ್ನು ನೆಲದವರೆಗೆ ಗೆರೆ ಎಳೆದರೆ, ಆ ಗೆರೆ ನೆಲ ಮುಟ್ಟುವ ಬಿಂದು ಮುಂಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಮುಂದೆ ಇರುತ್ತದೆ. ಇವೆರಡರ ನಡುವಿನ ದೂರವೇ ಟ್ರೇಲ್. ಈ ದೂರದಿಂದಾಗಿ ಚಕ್ರ, ತಳ್ಳುಗಾಡಿಯ ಸಣ್ಣ ಗಾಲಿಯಂತೆ, ಚಲನೆಯ ದಿಕ್ಕಿಗೆ ತಾನೇ ಮರಳುತ್ತದೆ. ಅಕ್ಷದ ಓರೆ 27 ಡಿಗ್ರಿ, ಆ ಅಕ್ಷದಿಂದ ಚಕ್ರದ ಕೇಂದ್ರ ಮುಂದಕ್ಕೆ ಚಾಚಿರುವ ದೂರ 50 ಮಿ.ಮೀ., ಚಕ್ರದ ತ್ರಿಜ್ಯ 305 ಮಿ.ಮೀ., ಎರಡು ಚಕ್ರಗಳ ನಡುವಿನ ದೂರ 1330 ಮಿ.ಮೀ. ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಟ್ರೇಲ್ ಸುಮಾರು 99 ಮಿ.ಮೀ. ಬರುತ್ತದೆ. ಈಗ ಮುಂದೆ 17 ಇಂಚಿನ ಅಲಾಯ್ ಚಕ್ರಕ್ಕೆ 90/80 ಟೈರು (ಅಗಲ 90 ಮಿ.ಮೀ., ಎತ್ತರ ಅದರ ಶೇಕಡಾ 80) ಹಾಕಿದರೆ ತ್ರಿಜ್ಯ 288ಕ್ಕೆ ಇಳಿಯುತ್ತದೆ. ಹಿಂದೆ 3.25-18ರ (3.25 ಇಂಚು ಅಗಲ, 18 ಇಂಚಿನ ರಿಮ್ಮು) ಬದಲು 120/80-18 ಹಾಕಿದರೆ ಅಲ್ಲಿ ತ್ರಿಜ್ಯ 13 ಮಿ.ಮೀ. ಏರುತ್ತದೆ. ಮುಂದೆ ಇಳಿದು ಹಿಂದೆ ಏರಿದ ಗಾಡಿ ಮೂಗು ಬಗ್ಗಿಸಿದಂತಾಗಿ ಅಕ್ಷದ ಓರೆಯೂ ಒಂದೂಕಾಲು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವ ಟ್ರೇಲ್ ಸುಮಾರು 83 ಮಿ.ಮೀ. ಯಾರೂ ಫೋರ್ಕನ್ನು ಮುಟ್ಟಲಿಲ್ಲ, ಚಾಸಿಯನ್ನು ಕತ್ತರಿಸಲಿಲ್ಲ, ಆದರೂ ಗಾಡಿ ನೇರ ಹೋಗುವ ಗುಣದ ಆರನೇ ಒಂದು ಪಾಲು ಹೋಯಿತು. ಬೇರಿಂಗ್ ಸವೆದ ಹಳೆಯ ಗಾಡಿಯಲ್ಲಿ ಹ್ಯಾಂಡಲ್ ನಡುಗತೊಡಗುವುದಕ್ಕೆ ಇಂಥ ಕಾರಣ ಸಾಕು. ಹಗುರ ಹ್ಯಾಂಡಲ್ ಬೇಕೆಂದು ಅಗಲ ಮಾಡಿಸಿದವರಿಗೆ ಟ್ರೇಲ್ ಕೂಡ ಇಳಿದಿದ್ದರೆ, ಎರಡೂ ಸೇರಿ ಗಾಡಿ ಅತಿ ಚುರುಕಾಗಿ ಅಳುಕು ಹುಟ್ಟಿಸುತ್ತದೆ. ಸೈಕಲ್ ತಾನೇ ನೆಟ್ಟಗೆ ನಿಲ್ಲಲು ಟ್ರೇಲ್ ಆಗಲಿ, ತಿರುಗುವ ಚಕ್ರ ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡದ ಗೈರೊ ಪರಿಣಾಮವಾಗಲಿ ಅನಿವಾರ್ಯವಲ್ಲವೆಂದು 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ವಿಶೇಷ ಮಾದರಿಯನ್ನು ಕಟ್ಟಿ ತೋರಿಸಿದ್ದಾರೆ, ನಿಜ. ಅದಕ್ಕಾಗಿ ಅವರು ಭಾರದ ಹಂಚಿಕೆಯನ್ನೇ ಬೇರೆ ರೀತಿಯಲ್ಲಿ ಹೊಂದಿಸಬೇಕಾಯಿತು. ನಮ್ಮ ಯೆಜ್ಡಿಗೆ ಆ ಅವಕಾಶವಿಲ್ಲ.

ರಿಮ್ಮಿನ ಮಾತನ್ನು ಟೈರಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. 1.85 ಇಂಚಿನ ಹಳೆಯ ರಿಮ್ಮಿಗೆ 120 ಮಿ.ಮೀ. ಟೈರನ್ನು ತುರುಕಿದರೆ ಅದರ ಎರಡೂ ಅಂಚುಗಳು ಒಳಕ್ಕೆ ಜಗ್ಗಿ, ಟೈರು ಬಲ್ಬಿನ ಆಕಾರ ತಾಳುತ್ತದೆ. ನೇರ ಹೋಗುವಾಗ ನಡುಪಟ್ಟಿ ಮಾತ್ರ ನೆಲಕ್ಕೆ ಊರಿ, ಪಕ್ಕದ ಗೋಡೆಗಳು ಅಲುಗಾಡುತ್ತವೆ. ರಿಮ್ಮನ್ನೂ ಅಗಲ ಮಾಡಬೇಕೆಂದರೆ ಹಳೆಯ ಹಬ್ಬಿಗೆ ಹೊಸ ಕಡ್ಡಿ ಹೆಣೆಯಬೇಕು. ಕಡ್ಡಿಗಳು ಕಂಬಗಳಂತೆ ಭಾರ ಹೊರುವುದಿಲ್ಲ. ಎಲ್ಲವನ್ನೂ ಮೊದಲೇ ಬಿಗಿದಿರುತ್ತಾರೆ, ಚಕ್ರದ ಮೇಲೆ ಭಾರ ಬಿದ್ದಾಗ ಕೆಳಗಿನ ಕಡ್ಡಿಗಳ ಬಿಗಿ ಸಡಿಲುತ್ತದೆ. ಆ ಮೊದಲ ಬಿಗಿ ಅಸಮವಾದರೆ ಕಡ್ಡಿಗಳು ಒಂದೊಂದಾಗಿ ತುಂಡಾಗುತ್ತವೆ. ಬೆಂಡ್ ತೆಗೆಯುವ ಹಿರಿಯ ಮೇಸ್ತ್ರಿಯೊಬ್ಬರು ಪ್ರತಿ ಕಡ್ಡಿಯನ್ನೂ ಸ್ಪ್ಯಾನರಿನಿಂದ ತಟ್ಟಿ, ನಾದ ಕೇಳಿ, ಮಂದವಾಗಿ ನುಡಿದದ್ದನ್ನು ಕಾಲು ಸುತ್ತು ಬಿಗಿಯುತ್ತಿದ್ದುದನ್ನು ನೋಡಿದ್ದೇನೆ. ತಂತಿವಾದ್ಯದ ಶ್ರುತಿಯ ಹಿಂದಿರುವ ಭೌತಶಾಸ್ತ್ರವೇ ಅಲ್ಲಿಯೂ ಕೆಲಸ ಮಾಡುತ್ತದೆ. ತೂಕದ ಲೆಕ್ಕವೂ ಇದೆ. ಚಕ್ರದ ಅಂಚಿನಲ್ಲಿ ಸೇರಿಸಿದ ಎರಡು ಕಿಲೋ, ಮುಂದಕ್ಕೆ ಸಾಗುವುದರ ಜೊತೆಗೆ ತಿರುಗಲೂ ಬೇಕಾದ್ದರಿಂದ, ವೇಗ ಹೆಚ್ಚಿಸುವಾಗ ಸುಮಾರು ನಾಲ್ಕು ಕಿಲೋ ಹೊತ್ತಂತಾಗುತ್ತದೆ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಕೆಲಸ ಕೈಗೆತ್ತಿಕೊಳ್ಳುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೊನೆಗೆ ಸೋದರಳಿಯ 76 ಸೆಂ.ಮೀ. ಅಗಲದ ಉಕ್ಕಿನ ಹ್ಯಾಂಡಲ್ ಆರಿಸಿಕೊಂಡ, ಮೂರೂ ಕೇಬಲುಗಳನ್ನು ಉದ್ದ ಮಾಡಿಸಿದ. ಮುಂಚಕ್ರವನ್ನು ಮುಟ್ಟಲಿಲ್ಲ. ಹಿಂದೆ, ಹಳೆಯ ರಿಮ್ಮಿಗೇ 3.50-18 ಟೈರು ಹಾಕಿಸಿದ. ರೋಡ್‌ಕಿಂಗ್‌ನ ಚೈನು ಪೂರ್ತಿ ಕವರಿನೊಳಗೆ ಅಡಗಿರುವುದರಿಂದ ಟೈರಿಗೂ ಆ ಕವರಿಗೂ ನಡುವೆ ಜಾಗ ಕಡಿಮೆ. ಇಬ್ಬರು ಕೂತು, ಗುಂಡಿಯಿದ್ದ ದಾರಿಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬಂದ ಮೇಲೆ ಕವರಿನ ಒಳಬದಿಗೆ ಮೊದಲೇ ಬಳಿದಿದ್ದ ಸುಣ್ಣವನ್ನು ಟಾರ್ಚ್ ಹಿಡಿದು ನೋಡಿದೆವು. ಸುಣ್ಣ ಎಲ್ಲಿಯೂ ಉಜ್ಜಿಹೋಗಿರಲಿಲ್ಲ. ಮುಂದಿನ ಚಕ್ರದಿಂದ ಹಿಂದಿನದಕ್ಕೆ ನೂಲು ಹಿಡಿದು ನೋಡಿದಾಗ ಎರಡೂ ಒಂದೇ ಗೆರೆಯಲ್ಲಿದ್ದವು.